ನಳ ಬಂತು

ನಮ್ಮ ಅಂಗಡಿಯಲ್ಲಿ ಬೆಲೆ ಇಲ್ಲದ ಪಾತ್ರೆ ಒಂದೇ ಒಂದು. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ, ಊದುಬತ್ತಿಯ ಹಿಂದೆ ಕೂತಿರುವ ಹಿತ್ತಾಳೆಯ ಸಣ್ಣ ತಂಬಿಗೆ. ಅದರ ಹೊಟ್ಟೆ ಒಂದು ಕಡೆ ಒಳಕ್ಕೆ ಹೋಗಿದೆ, ಕಂಠದ ಹತ್ತಿರ ಬೆಸುಗೆಯ ಗುರುತಿದೆ. ಸುತ್ತಲೂ ಸ್ಟೀಲಿನ ಕೊಡ, ಡಬರಿ, ಡಬ್ಬಿ, ಪರಾತಗಳು ಫಳಫಳ ಹೊಳೆಯುತ್ತಿದ್ದರೂ ಕೆಲವು ಹೆಂಗಸರ ಕಣ್ಣು ನೆಟ್ಟಗೆ ಹೋಗಿ ಇದರ ಮೇಲೆಯೇ ಕೂರುತ್ತದೆ. ಮೊನ್ನೆ ನೀಲಗುಂದದ ಕಡೆಯವಳೊಬ್ಬಳು ಮಗಳ ಮದುವೆಯ ಸಾಮಾನಿಗೆಂದು ಬಂದವಳು ಅದನ್ನೇ ಹಿಡಿದುಕೊಂಡಳು.

"ಆ ತಂಬಿಗಿ ಎಷ್ಟಕ್ಕ ಕೊಡ್ತೀಯವ್ವಾ?"

"ಅದು ಮಾರಾಕಲ್ಲ ಬಿಡಬೇ."

"ಮಾರಾಕಲ್ಲಂದ್ರ ಅಂಗಡ್ಯಾಗ್ಯಾಕ ಇಟ್ಟಿ? ನಮ್ ಹೊಟ್ಟಿ ಉರಸಾಕೇನು?"

"ಅಳೋರು ಬಂದ್ರ ಕೆಳಗ ಹಿಡ್ಯಾಕ ಇಟ್ಟೀನಿ."

ಅವಳು ನಕ್ಕಳು. ಸ್ವಲ್ಪ ಹೊತ್ತಿಗೆ ಕೊಪ್ಪರಿಗೆಯ ರೇಟು ಕೇಳಿ ಸೆರಗು ಕಣ್ಣಿಗೆ ಹಚ್ಚಿದಳು. "ನಮ್ಮನಿ ಯಜಮಾನ್ರಿಗೆ ಗೊತ್ತಾದ್ರ ನನ್ನ ಊರ ಬಿಡಸ್ತಾರವ್ವಾ" ಎಂದು ಮೂಗು ಸುರ್ರೆನ್ನಿಸಿದಳು. ನಾನು ಕದಲಲಿಲ್ಲ.

ಕೊಟ್ಟೂರಿನಲ್ಲಿ ಈ ಅಂಗಡಿ ಇಡುವ ಮೊದಲು ನಾನು ತಲೆಯ ಮೇಲೆ ಬುಟ್ಟಿ ಹೊತ್ತು, ಚಿಗಟೇರಿ, ಹರಪನಹಳ್ಳಿ ಸೀಮೆಯ ಓಣಿ ಓಣಿಗಳಲ್ಲಿ ಹಳೆಯ ಬಟ್ಟೆಗೆ ಪಾತ್ರೆ ಕೊಡುತ್ತಾ ತಿರುಗಿದವಳು. ಕಟ್ಟೆಯ ಮೇಲೆ ಕೂತು ಒಂದು ಸ್ಟೀಲ್ ಬೋಗುಣಿಗಾಗಿ ಅಳುವವರನ್ನು ನೋಡಿ ನೋಡಿ ನನಗೊಂದು ವಿದ್ಯೆ ಬಂದಿದೆ. ನಿಮಗೂ ಹೇಳುತ್ತೇನೆ, ಬೇಕಾದರೆ ಇಟ್ಟುಕೊಳ್ಳಿ. ಸೆರಗು ಮೊದಲು ಕಣ್ಣಿಗೆ ಹೋಗಿ ಆಮೇಲೆ ನೀರು ಬಂದರೆ ಅದು ವ್ಯಾಪಾರದ ಅಳು. ನೀರು ಮೊದಲು ಬಂದು, ಕೈ ಆಮೇಲೆ ಸೆರಗು ಹುಡುಕಾಡಿದರೆ ಅದು ನಿಜದ್ದು. ಮೊದಲನೆಯದಕ್ಕೆ ರೇಟು ಇಳಿಸಬೇಡಿ. ಎರಡನೆಯದಕ್ಕೆ ಸ್ಟೂಲು ಹಾಕಿ ಕೂಡಿಸಿ, ಚಹಾ ತರಿಸಿ. ಆಗಲೂ ರೇಟು ಇಳಿಸಬೇಡಿ, ಒಂದು ಲೋಟ ಪುಕ್ಕಟೆ ಕೊಡಿ. ರೇಟು ಇಳಿಸಿದ್ದು ಮರೆತುಹೋಗುತ್ತದೆ, ಲೋಟ ಮನೆಯಲ್ಲಿ ಉಳಿಯುತ್ತದೆ.

ಇನ್ನೊಂದು ಮಾತು, ಇದು ಎಲ್ಲಕ್ಕಿಂತ ದೊಡ್ಡದು. ಚೌಕಾಸಿಗೆ ಕೂತಾಗ ಬಾಯಿ ಬಿಟ್ಟು ಮೊದಲು ಬೆಲೆ ಹೇಳಬೇಡಿ. "ನೀವ ಹೇಳ್ರಿ, ಎಷ್ಟು ಕೊಡ್ತೀರಿ" ಎಂದು ಸುಮ್ಮನೆ ಕೂತುಬಿಡಿ. ಮೊದಲು ಹೇಳಿದವರದು ಅರ್ಧ ಸೋಲು. ನಾನು ಬದುಕು ಕಟ್ಟಿಕೊಂಡಿದ್ದೇ ಈ ಒಂದು ಮಾತಿನ ಮೇಲೆ. ಆದರೆ ಈ ತಂಬಿಗೆಯ ಮುಂದೆ ಅದು ನಡೆಯಲಿಲ್ಲ. ಅದನ್ನು ಹೇಳೋಣವೆಂದೇ ಶುರುಮಾಡಿದೆ, ಎಲ್ಲೆಲ್ಲಿಗೋ ಹೋದೆ.

ತಂಬಿಗೆ ನಮ್ಮಜ್ಜಿಯದು. ನಾವು ಹುಟ್ಟಿ ಬೆಳೆದದ್ದು ಕೂಡ್ಲಿಗಿಯಲ್ಲಿ. ನಾನು ದೊಡ್ಡವಳು, ನನ್ನ ತಂಗಿ ಶಾರದಿ ಸಣ್ಣವಳು. ಇಬ್ಬರಲ್ಲಿ ಅಳಬುರುಕಿ ಯಾರು ಅಂತೀರಿ? ನಾನೇ. ಇವತ್ತು ನನ್ನ ಗಿರಾಕಿಗಳಿಗೆ ಹೇಳಿದರೆ ಬಿದ್ದು ಬಿದ್ದು ನಗುತ್ತಾರೆ. ರೊಟ್ಟಿಯ ಅಂಚು ಮುರಿದಿದ್ದರೆ ಅಳು, ರಿಬ್ಬನ್ನು ಜಾರಿದರೆ ಅಳು, ಶಾರದಿ ನನಗಿಂತ ಮೊದಲು ಜಳಕ ಮಾಡಿದರೆ ಅಳು. ಶಾರದಿ ಮಾತ್ರ ಬಿದ್ದು ಮೊಣಕಾಲು ಒಡೆದುಕೊಂಡರೂ ಗಾಯವನ್ನು ಯಾರದೋ ಗಾಯವೆಂಬಂತೆ ನೋಡುತ್ತಾ ನಿಲ್ಲುತ್ತಿದ್ದಳು.

ಅಜ್ಜಿ ನನ್ನ ಅಳುವಿಗೆ ಇಟ್ಟ ಹೆಸರುಗಳನ್ನು ಕೂಡಿಹಾಕಿದ್ದರೆ ಒಂದು ಬುಟ್ಟಿ ತುಂಬುತ್ತಿತ್ತು. ಇನ್ನೂ ನೀರು ಬಂದಿಲ್ಲ, ತುಟಿ ಮಾತ್ರ ಡೊಂಕಾಗಿದೆ ಎಂದರೆ "ಅಳುಮಾರಿ ತಂದ್ಲು ನೋಡು". ಸಣ್ಣಗೆ ಎಳೆಯಲು ಶುರುಮಾಡಿದರೆ "ರಾಗ ತೆಗದ್ಲು". ರಾಗ ನಿಲ್ಲದೆ ಹೋದರೆ "ಪೀಪಿ ಊದಾಕತ್ಯಾಳ, ಯಾರರ ಹಲಗಿ ತರ್ರಿ". ಗೋಡೆಗೆ ಮುಖ ಮಾಡಿ ಮೂಗೆಳೆಯುವುದು "ಸುರ್‌ಬುರ್". ಬೇಕೆಂದೇ ಅಳುವುದು "ಕಳ್ಳ ಅಳು". ಅದನ್ನು ಹಿಡಿಯಲು ಅಜ್ಜಿ ನನ್ನ ಮುಂದೆ ಬೆಲ್ಲದ ಚೂರು ಹಿಡಿಯುತ್ತಿದ್ದಳು, ಬಾಯಿ ತೆರೆದರೆ ಸಿಕ್ಕಿಬಿದ್ದಂತೆ. ನೆಲಕ್ಕೆ ಬಿದ್ದು ಕೈಕಾಲು ಬಡಿದರೆ ಅದು ಬೋರ್ಯಾಡಿ ಅಳುವುದು, ಅದರ ಮುಂದೆ ಬೆಲ್ಲವೂ ನಡೆಯುತ್ತಿರಲಿಲ್ಲ. ನಮ್ಮ ಕಡೆ ದೊಡ್ಡ ಅಳುವಿಗೆ "ಡ್ಯಾಮಿನ ಗೇಟ್ ಎತ್ಯಾರ" ಎನ್ನುತ್ತಾರೆ. ಅಣೆಕಟ್ಟು ಹತ್ತಿರದಲ್ಲಿರುವ ಜನಕ್ಕೆ ಹೋಲಿಕೆ ಹುಡುಕಲು ದೂರ ಹೋಗಬೇಕಿಲ್ಲ.

ಆದರೆ ಇವೆಲ್ಲ ಓಣಿಯ ಮಾತು. ನಮ್ಮ ಮನೆಯದೇ ಆದ ಮಾತು ಒಂದಿತ್ತು: "ನಳ ಬಂತು."

ನಳ ಎಂದರೆ ನಲ್ಲಿ. ನಮ್ಮ ಊರುಗಳಲ್ಲಿ ಅದು ದಿನಾ ಬರುವ ವಸ್ತುವಲ್ಲ. ಯಾವಾಗಲೋ ಬರುತ್ತದೆ, ಬಂದಾಗ ಓಣಿಯಲ್ಲಿ ಯಾರಾದರೂ ಒಬ್ಬರು "ನಳ ಬಂತ್ರೇ!" ಎಂದು ಕೂಗುತ್ತಾರೆ. ಆ ಕೂಗಿಗೆ ಉಣ್ಣುವವರು ಕೈ ತೊಳೆಯದೆ ಏಳುತ್ತಾರೆ, ತಲೆ ಬಾಚುವವರು ಬಾಚಣಿಗೆಯನ್ನು ತಲೆಯಲ್ಲೇ ಬಿಟ್ಟು ಓಡುತ್ತಾರೆ. ಒಂದು ದಿನ ನಾನು ಯಾವುದಕ್ಕೋ ಕಣ್ಣು ತುಂಬಿಕೊಂಡು ಕೂತಾಗ ಅಜ್ಜಿ ಒಳಗಿನಿಂದ ಕೂಗಿದಳು:

"ಏ ಶಾರದಿ, ನಳ ಬಂತು, ತಂಬಿಗಿ ತೊಗೊಂಬಾ! ಎಲ್ಲಾ ಮಣ್ಣುಪಾಲಾಗಾಕತ್ತೈತಿ!"

ಶಾರದಿ ನಿಜವೆಂದೇ ತಿಳಿದು ಈ ತಂಬಿಗೆ ಹಿಡಿದು ಓಡಿಬಂದಳು. ನಳ ಎಲ್ಲಿದೆ ಎಂದು ಅತ್ತಿತ್ತ ನೋಡಿ, ನನ್ನ ಕಣ್ಣು ನೋಡಿ, ಏನು ಅರ್ಥವಾಯಿತೋ, ತಂಬಿಗೆಯನ್ನು ನನ್ನ ಗದ್ದದ ಕೆಳಗೆ ಹಿಡಿದು ನಿಂತಳು. ಗಂಭೀರವಾಗಿ, ಸರದಿಯಲ್ಲಿ ನಿಂತ ಹೆಂಗಸಿನ ಹಾಗೆ. ಅಷ್ಟು ಸಾಲದೆಂದು, "ಲಗೂ ಲಗೂ ಬಿಡು, ಹಿಂದ ಮಂದಿ ಅದಾರ" ಎಂದಳು. ನಾನು ಅಳುತ್ತಲೇ ನಕ್ಕೆ. ಅಂದಿನಿಂದ ನಾನು ಅತ್ತಾಗಲೆಲ್ಲ ಅವಳು ತಂಬಿಗೆ ತರುವುದು, ನಾನು ನಗುವುದು. ಅದರ ಹೊಟ್ಟೆ ತಗ್ಗಾದದ್ದೂ ಹಾಗೆಯೇ; ಒಮ್ಮೆ ನಗಲು ಮನಸ್ಸಿಲ್ಲದೆ ಕಿತ್ತುಕೊಂಡು ಕಟ್ಟೆಗೆ ಬೀಸಿದ್ದೆ. ಅದಕ್ಕೂ ಅವಳು ಅಳಲಿಲ್ಲ. "ಪಾಪ, ತಂಬಿಗಿ ಅಳತೈತಿ ನೋಡಕ್ಕ" ಎಂದು ತಗ್ಗನ್ನು ಸವರಿದಳು.

ಆಮೇಲೆ ಬುಟ್ಟಿ ತಲೆಗೇರಿತು. ದಿನಾ ಮಂದಿಯ ಅಳುವಿನ ಮುಂದೆ ಕಲ್ಲಿನಂತೆ ಕೂತು ಕೂತು ನನ್ನದು ಯಾವಾಗ ನಿಂತಿತೋ ಗೊತ್ತಾಗಲಿಲ್ಲ. ಬಾವಿಯ ನೀರು ಇಳಿದದ್ದು ಹಗ್ಗ ಸಾಲದೆ ಹೋದಾಗಲೇ ತಿಳಿಯುವುದು, ಹಾಗೆ.

ಈಗ ನಿಮಗೆ ಕೊಟ್ರೇಶಿಯನ್ನು ತೋರಿಸಬೇಕು. ಶಾರದಿಯ ಗಂಡ. ಹೂವಿನಹಡಗಲಿಯವನು, ಮಲ್ಲಿಗೆ ತೋಟದವನು. ಆರಡಿ ಆಳು, ಹುರಿ ಮೀಸೆ, ಕೂಗಿದರೆ ಬಸ್‌ಸ್ಟ್ಯಾಂಡಿನ ಈ ತುದಿಯಿಂದ ಆ ತುದಿಗೆ ಕೇಳುವ ಗಂಟಲು. ಬೆಳಗಾಗುವುದರೊಳಗೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಮೊಗ್ಗಿನ ಗಂಟುಗಳನ್ನು ಮೊಪೆಡ್ಡಿಗೆ ಕಟ್ಟಿಕೊಂಡು ಬಸ್ಸುಗಳಿಗೆ ಹಾಕುವುದು ಅವನ ಕೆಲಸ. ಕಂಡಕ್ಟರುಗಳು ಅವನ ಮೀಸೆಗೆ ಹೆದರಿ ಗಂಟಿಗೆ ಸೀಟು ಬಿಡುತ್ತಿದ್ದರು. ಅಂಥವನು ಅಳಬುರುಕ!

ಮದುವೆಯ ದಿನವೇ ಗುಟ್ಟು ರಟ್ಟಾಯಿತು. ಹೆಣ್ಣು ಒಪ್ಪಿಸುವ ಹೊತ್ತು. ನಮ್ಮವ್ವ ಶಾರದಿಯ ಕೈಯನ್ನು ಅವಳ ಅತ್ತೆಯ ಕೈಯಲ್ಲಿ ಇಟ್ಟು, "ನಮ್ ಕೂಸು ಮಾತು ಕಡಿಮಿ, ಹಸದ್ರೂ ಕೇಳಾಂಗಿಲ್ಲ, ನೋಡ್ಕೋರಿ" ಎಂದಳು. ಎಲ್ಲರೂ ಕಣ್ಣಿಗೆ ಸೆರಗು ಹಚ್ಚಿದರು. ಶಾರದಿ ಒಬ್ಬಳು ಒಣ ಕಣ್ಣಿನಲ್ಲಿ ನಿಂತಿದ್ದಳು. ಅಷ್ಟರಲ್ಲಿ ಬಾಸಿಂಗದ ಹಿಂದಿನಿಂದ ಏನೋ ಸದ್ದು. ನೋಡಿದರೆ ಮದುಮಗ! ಭುಜ ಕುಣಿಸುತ್ತಾ ಬಿಕ್ಕಿ ಬಿಕ್ಕಿ ಅಳುತ್ತಿದ್ದಾನೆ. ಬಾಸಿಂಗ ಜಾರಿ ಮೂಗಿಗೆ ಬಂದಿದೆ.

ನಮ್ಮಜ್ಜಿ ಹತ್ತಿರ ಹೋಗಿ ಕೆಳಗಿನಿಂದ ಅವನ ಮುಖ ನೋಡಿದಳು. "ಯಪ್ಪಾ, ಕರ್ಕೊಂಡ್ ಹೋಗೋನು ನೀನು. ನೀ ಯಾಕ ಅಳ್ತಿ?"

"ಅಕಿ ಅಳವಲ್ಲಳು ನೋಡಬೇ ಅಜ್ಜಿ" ಎಂದ ಕೊಟ್ರೇಶಿ, "ಯಾರರ ಅಳಬೇಕಲ್ಲ!"

"ಇವಂದೇನ್ ನಳ ಕಿತ್ಕೊಂಡ ಹೋಗೈತಲ್ಲೋ!" ಎಂದಳು ಅಜ್ಜಿ. ಮಂಟಪವೆಲ್ಲ ನಕ್ಕಿತು. ಹೋಗುವಾಗ ಅಜ್ಜಿ ಈ ತಂಬಿಗೆಯನ್ನು ಶಾರದಿಯ ಪೆಟ್ಟಿಗೆಗೆ ಹಾಕಿದಳು. "ಅಕ್ಕಗ ಸಾಕಾತು, ಇನ್ನ ನಿನ್ ಗಂಡಗ ಬೇಕಾಕ್ಕೈತಿ" ಎಂದಳು.

ಬೇಕಾಗಿಯೂ ಬಂತು. ಟಿವಿಯಲ್ಲಿ ಯಾರೋ ಯಾರನ್ನೋ ಬಿಟ್ಟು ಹೋದರೆ ಅವನು ಅಳುತ್ತಿದ್ದ. ಪರಿಚಯವಿಲ್ಲದವರ ಮದುವೆಯಲ್ಲಿ ಅಳುತ್ತಿದ್ದ. ತಮಗೆ ಮಕ್ಕಳಾಗಲಿಲ್ಲವೆಂದು ಶಾರದಿಯ ಬದಲು ಅವನೇ ಅತ್ತ. ನಾನು ಹಡಗಲಿಗೆ ಹೋಗಿ ತಿರುಗಿ ಬಸ್ಸು ಹತ್ತುವಾಗಲಂತೂ ಪ್ರತಿ ಸಲ, ಕಿಟಕಿಯ ಸರಳಿನ ಸಂದಿಯಿಂದ ಹೂವಿನ ಪೊಟ್ಟಣ ಕೊಡುತ್ತಾ ಮೀಸೆಯ ಮೇಲೆ ನೀರು. ಜನ ನೋಡುತ್ತಿದ್ದರು. "ಏಯ್, ಮಂದಿ ಏನ್ ತಿಳ್ಕೊಂತಾರ, ಮೂವತ್ತು ಮೈಲಿ ದೂರದ ಕೊಟ್ಟೂರಿಗೆ ಹೊಂಟೀನಿ, ದುಬೈಗಲ್ಲ" ಎಂದು ಬೈಯುತ್ತಿದ್ದೆ.

ಅವನು ನನಗೆ ಇಟ್ಟ ಹೆಸರು ಬತ್ತಿದ ಬೋರು. "ಅಕ್ಕಾರ, ನಿಮ್ ಬೋರಿಗೆ ಎಷ್ಟು ಫೀಟ್ ಹೊಡಸಬೇಕ್ರಿ ಒಂದ್ ಹನಿ ಬರಬೇಕಂದ್ರ?" ಎನ್ನುತ್ತಿದ್ದ. ಒಮ್ಮೆ ನಗುತ್ತಾ, "ಹೋಗ್ಲಿ, ನಾ ಸತ್ತಾಗರ ಅಳ್ತೀರೋ ಇಲ್ಲೋ ಹೇಳಿಬಿಡ್ರಿ" ಎಂದ. ನಾನು ಬಿಡುತ್ತೇನೆಯೇ? "ಮೊದಲ ನೀ ಹೇಳು, ನಾ ಸತ್ರ ನೀ ಎಷ್ಟು ಅಳ್ತಿ? ಅದ ನೋಡಿ ನಾ ರೇಟ್ ಹೇಳ್ತೀನಿ" ಎಂದೆ. ಅವನು ನಕ್ಕು ನಕ್ಕು ಆ ನಗುವಿಗೂ ಕಣ್ಣೊರೆಸಿಕೊಂಡ.

ನನ್ನ ಮಗನ ಮದುವೆಯಾಗಿ ಸೊಸೆ ಪೂರ್ಣಿಮಾ ಮನೆಗೆ ಬಂದ ಹೊಸತರಲ್ಲಿ ಇವನಿಂದ ಒಂದು ಫಜೀತಿಯಾಯಿತು. ಅವಳು ದಕ್ಷಿಣದ ಕಡೆಯ ಹುಡುಗಿ, ನಳಕ್ಕೆ ನಲ್ಲಿ ಎನ್ನುವವಳು. ಶಾರದಿ, ಕೊಟ್ರೇಶಿ ಬಂದಿದ್ದರು. ಅವನು ಟಿವಿ ನೋಡುತ್ತಾ ಎಂದಿನಂತೆ ಶುರುಮಾಡಿದ. ಪಡಸಾಲೆಯಿಂದ ಶಾರದಿ ಕೂಗಿದಳು: "ಅಕ್ಕಾ, ನಳ ಬಂತು!" ಪೂರ್ಣಿಮಾ ಹೊಸ ಸೊಸೆ, ಚುರುಕು ತೋರಿಸಬೇಕಲ್ಲ, ಎರಡೂ ಸೊಂಟಕ್ಕೆ ಕೊಡ ಏರಿಸಿ ಬೀದಿಗೆ ಓಡಿದಳು. ಅವಳನ್ನು ನೋಡಿ ಎದುರು ಮನೆಯ ಖಾಜಾಬಿ ಕೊಡ ತಂದಳು. ಖಾಜಾಬಿಯ ಗಂಡ ಮೆಕ್ಯಾನಿಕ್ಕು, ಗ್ಯಾರೇಜಿನ ಡ್ರಮ್ಮನ್ನೇ ಉರುಳಿಸಿಕೊಂಡು ಬಂದ. ಓಣಿಗೆ ಓಣಿಯೇ ಒಣ ನಳದ ಮುಂದೆ ಸಾಲು ನಿಂತಿತು.

"ಎಲ್ಲಿ ಐತವ್ವಾ ನಿನ್ ನಳ?" ಎಂದಳು ಖಾಜಾಬಿ.

"ಸಣ್ಣತ್ತೆ ಹೇಳಿದ್ರು, ಬಂತು ಅಂತ" ಎಂದಳು ಪೂರ್ಣಿಮಾ.

ಅಷ್ಟರಲ್ಲಿ ಕೊಟ್ರೇಶಿ ಒದ್ದೆ ಮೀಸೆಯಲ್ಲಿ ಹೊರಗೆ ಬಂದು, ಏನು ಸಾಲು ಎಂದು ಕೇಳಿದ. ಖಾಜಾಬಿ ಅವನ ಮುಖ ನೋಡಿದಳು, ಕೊಡ ನೋಡಿಕೊಂಡಳು. "ಓ, ಈ ನಳಾನಾ! ಇದರ ನೀರು ಉಪ್ಪು, ಕುಡ್ಯಾಕ ಬರಾಂಗಿಲ್ಲ, ನಡೀರಿ" ಎಂದು ಓಣಿಯನ್ನು ಮನೆಗೆ ಕಳಿಸಿದಳು. ಅಂದಿನಿಂದ ಪೂರ್ಣಿಮಾ ಆ ಮಾತು ಕೇಳಿದರೆ ಮೊದಲು ಒಳಗಿನವರ ಕಣ್ಣು ನೋಡುತ್ತಾಳೆ, ಆಮೇಲೆ ಕೊಡ ಮುಟ್ಟುತ್ತಾಳೆ.

ಹೋದ ಚಳಿಗಾಲದಲ್ಲಿ ಕೊಟ್ರೇಶಿ ಹೋಗಿಬಿಟ್ಟ. ಬಸ್ಸಿಗೆ ಹೂ ಹಾಕಿ ಬಂದವನು, ಎದೆಯಲ್ಲಿ ಸಣ್ಣಗೆ ಹಿಡಿದಂತಾಗುತ್ತಿದೆ ಎಂದು ಮಲಗಿದ. ಅಷ್ಟೇ.

ನಾನು ಹೋಗುವಷ್ಟರಲ್ಲಿ ಮನೆ ತುಂಬಿತ್ತು. ನಮ್ಮ ಕಡೆ ಹೆಂಗಸರು ಸುಮ್ಮನೆ ಅಳುವುದಿಲ್ಲ, ಆಡ್ಯಾಡಿ ಅಳುತ್ತಾರೆ. ಹೋದವನ ಒಂದೊಂದು ಗುಣವನ್ನೂ ರಾಗದಲ್ಲಿ ಎತ್ತಿ ಎತ್ತಿ ಆಡುತ್ತಾರೆ. ಹೂ ಕೊಟ್ಟದ್ದು, ದಾರಿಯಲ್ಲಿ ಕಂಡರೆ ಗಾಡಿ ನಿಲ್ಲಿಸಿ ಹತ್ತಿಸಿಕೊಂಡದ್ದು, ಎಲ್ಲ ಬಂತು. ನಡುವೆ ಶಾರದಿ ಕೂತಿದ್ದಳು, ಮೊಣಕಾಲಿನ ಗಾಯ ನೋಡುತ್ತಿದ್ದ ಅದೇ ಮುಖದಲ್ಲಿ. ಯಾರೋ ಅವಳ ಬೆನ್ನು ತಟ್ಟಿದರು, ಯಾರೋ ಭುಜ ಅಲುಗಿಸಿದರು. "ಅಳವ್ವಾ, ಬಾಯಿ ಬಿಟ್ಟು ಅಳು, ಎದಿ ಕಟ್ಟತೈತಿ." ಬರಲಿಲ್ಲ. ಹಿಂದೆ ಕೂತ ಒಬ್ಬಳು ಇನ್ನೊಬ್ಬಳ ಕಿವಿಗೆ, "ಗಂಡ ಸತ್ರೂ ಒಂದು ಹನಿ ಇಲ್ಲಲ್ಲೇ, ಎಂಥಾ ಎದಿ ಇರಬೇಕು" ಎಂದದ್ದು ನನಗೆ ಕೇಳಿಸಿತು. ತಿರುಗಿ, "ನಿಂದು ಎಷ್ಟಾತವ್ವಾ ಅಳತಿ? ಮನಿಗೆ ಒಯ್ಯಾಕ ಡಬ್ಬಿ ಕೊಡ್ಲೇನು?" ಎಂದೆ. ಅವಳು ಎದ್ದು ಹೋದಳು. ನಾನೂ ಅಳಲಿಲ್ಲ. ಬಂದವರಿಗೆ ಊಟ, ಶಾಮಿಯಾನ, ಪಾತ್ರೆ, ಎಲ್ಲ ನನ್ನ ತಲೆಯ ಮೇಲಿತ್ತು ಎಂದು ನನಗೆ ನಾನೇ ಹೇಳಿಕೊಂಡೆ.

ದಿನಗಳಾದವು. ಶಾರದಿ ತೋಟಕ್ಕೆ ಹೋಗಲಿಲ್ಲ, ಹೂವಿಗೆ ಕೈ ಹಚ್ಚಲಿಲ್ಲ. ಕೇಳಿದ್ದಕ್ಕೆಲ್ಲ "ಹೂಂ". ತಟ್ಟೆಯ ಅನ್ನ ತಟ್ಟೆಯಲ್ಲೇ ಒಣಗುತ್ತಿತ್ತು. ಸೀರೆ ಉಟ್ಟರೆ ಗೂಟಕ್ಕೆ ಸುತ್ತಿದಂತೆ ಕಾಣತೊಡಗಿತು. ಒಂದು ಸಂಜೆ ಫೋನು ಮಾಡಿದರೆ ಅವಳ ಉಸಿರು ಮಾತ್ರ ಕೇಳಿಸಿತು. ಮರುದಿನವೇ ಹೋಗಿ ಅವಳನ್ನೂ ಅವಳ ಪೆಟ್ಟಿಗೆಯನ್ನೂ ಕೊಟ್ಟೂರಿಗೆ ತಂದೆ. ನನಗೆ ಹೆದರಿಕೆ ಹತ್ತಿತ್ತು. ಅವಳು ಅಳದಿದ್ದರೆ ಉಳಿಯುವುದಿಲ್ಲವೆಂದು ನನಗೆ ಖಾತ್ರಿಯಾಗಿತ್ತು. ಒಡೆಯದ ಗಾಯ ಒಳಗೇ ಕೀವಾಗುವುದನ್ನು ಯಾರು ನೋಡಿಲ್ಲ?

ನಾನು ವ್ಯಾಪಾರದವಳು. ಹೇಗಾದರೂ ಮಾಡಿ ಅವಳಿಂದ ಅಳು ಹೊರಡಿಸಬೇಕೆಂದು ಕೂತೆ. ಮೊದಲು ಉಳ್ಳಾಗಡ್ಡಿ. ಒಂದು ಬುಟ್ಟಿ ಉಳ್ಳಾಗಡ್ಡಿ ಮುಂದಿಟ್ಟು, "ಭಾನುವಾರ ಮಂದಿ ಬರ್ತಾರ, ಹೆಚ್ಚಿಕೊಡು" ಎಂದು ಸುಳ್ಳು ಹೇಳಿದೆ. ಅವಳು ಮೆಷೀನಿನ ಹಾಗೆ ಹೆಚ್ಚಿದಳು. ಪೂರ್ಣಿಮಾ ಮೂಗೊರೆಸಿಕೊಳ್ಳುತ್ತಾ ಹಿತ್ತಲಿಗೆ ಓಡಿದಳು, ಬಾಗಿಲಲ್ಲಿ ನಿಂತ ಖಾಜಾಬಿಯ ಕಣ್ಣು ಕೆಂಪಾಯಿತು, ಶಾರದಿಯ ಕಣ್ಣು ಪಾತ್ರೆ ಒರೆಸಿಟ್ಟ ಹಾಗೆ ಸ್ವಚ್ಛ. ಮೂರು ದಿನ ಮನೆಯವರೆಲ್ಲ ಉಳ್ಳಾಗಡ್ಡಿ ಪಲ್ಯ ತಿಂದೆವು. ಆಮೇಲೆ ಟಿವಿ. ಎಲ್ಲಕ್ಕಿಂತ ಗೋಳಿನ ಧಾರಾವಾಹಿ ಹಾಕಿದೆ. ಸತ್ತ ಗಂಡನ ಫೋಟೋದ ಮುಂದೆ ಹುಡುಗಿ ಬೋರಾಡುತ್ತಿದ್ದಳು. ಶಾರದಿ ಬಹಳ ಹೊತ್ತು ನೋಡಿ, "ಆ ಸೀರಿ ಬಣ್ಣ ಚಲೋ ಐತಿ" ಎಂದಳು.

ಕೊನೆಗೆ ನೇರವಾಗಿಯೇ ಕೇಳಿದೆ. "ಒಮ್ಮೆ ಅತ್ತುಬಿಡೇ ಶಾರದಿ. ಹಗುರಾಗ್ತಿ."

"ಬರವಲ್ದಕ್ಕಾ."

"ಪ್ರಯತ್ನ ಮಾಡು."

ಅವಳು ನನ್ನನ್ನು ಅಲ್ಲ, ತನ್ನ ಅಂಗೈಯನ್ನು ನೋಡುತ್ತಾ ಹೇಳಿದಳು: "ನಮ್ಮನ್ಯಾಗ ಅಳೋ ಕೆಲಸ ಅವರದಾಗಿತ್ತಲ್ಲಕ್ಕಾ. ನಾ ಕಲೀಲೇ ಇಲ್ಲ."

ಒಂದು ಮನೆಯಲ್ಲಿ ಒಬ್ಬರು ಅಡುಗೆ ಮಾಡುತ್ತಾರೆ, ಒಬ್ಬರು ಸಂತೆ ಮಾಡುತ್ತಾರೆ. ಅಡುಗೆಯವರು ಹೋದರೆ ಉಳಿದವರಿಗೆ ಉಪ್ಪಿನ ಡಬ್ಬಿ ಎಲ್ಲಿದೆ ಎಂಬುದೂ ಗೊತ್ತಿರುವುದಿಲ್ಲ. ಅವಳ ಪಾಲಿನ ಅಳುವನ್ನೂ ಇಷ್ಟು ವರ್ಷ ಅವನೇ ಅತ್ತಿದ್ದ.

ಕೆಲವು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ. ಅಂಗಡಿಗೆ ವಾರದ ರಜೆ. ನಮ್ಮ ಮನೆ ಅಂಗಡಿಯ ಹಿಂಭಾಗದಲ್ಲೇ ಇದೆ. ಪಡಸಾಲೆಯಲ್ಲಿ ನಾನೂ ಶಾರದಿಯೂ ಕೂತಿದ್ದೆವು. ಅವಳ ಪೆಟ್ಟಿಗೆಯಲ್ಲಿ ಸಿಕ್ಕ ಈ ತಂಬಿಗೆ ಕಪ್ಪಾಗಿತ್ತು. ಹುಣಸೆಹಣ್ಣು ಹಚ್ಚಿ ತಿಕ್ಕತೊಡಗಿದೆ. ಕೈ ಸುಮ್ಮನಿದ್ದರೆ ನನಗಾಗದು. ತಿಕ್ಕುತ್ತಾ, ಅವಳಿಗೆ ನೆನಪು ಕೆದಕಿದರೆ ಏನಾದರೂ ಬಂದೀತು ಎಂಬ ಲೆಕ್ಕದಲ್ಲಿ, ಮದುವೆಯ ದಿನದ ಕಥೆ ತೆಗೆದೆ. ಬಾಸಿಂಗ ಮೂಗಿಗೆ ಜಾರಿದ್ದು, "ಯಾರರ ಅಳಬೇಕಲ್ಲ" ಎಂದದ್ದು, ಅವನ ದಪ್ಪ ಗಂಟಲನ್ನು ಅಣಕಿಸಿ ಅಣಕಿಸಿ ಹೇಳಿದೆ. ಅವಳು ಕೇಳುತ್ತಿದ್ದಳು, ಅಷ್ಟೇ.

"ಆಮ್ಯಾಲ ಗೊತ್ತೈತೇನು" ಎಂದೆ, "ನನಗೊಮ್ಮೆ ಕೇಳಿದ್ದ, ನಾ ಸತ್ರ ಅಳ್ತೀರೇನ್ರಿ ಅಕ್ಕಾರ ಅಂತ. ನಾ ಏನಂದೆ ಹೇಳು? ಮೊದಲ ನೀ ಹೇಳು, ನೀ ಎಷ್ಟು—"

ಅಲ್ಲಿಗೆ ತಂಬಿಗೆ ತಿಕ್ಕುತ್ತಿದ್ದ ಕೈ ನಿಂತಿತು. ಅವನು ಹೇಳಿದ್ದನಲ್ಲ. ಪ್ರತಿ ಸಲ ಬಸ್‌ಸ್ಟ್ಯಾಂಡಿನಲ್ಲಿ, ಕಿಟಕಿಯ ಸರಳು ಹಿಡಿದು, ನಾನಿನ್ನೂ ಗಟ್ಟಿಮುಟ್ಟಾಗಿ ಕೂತಿರುವಾಗಲೇ, ಮಂದಿಯ ಮುಂದೆ, ಯಾವ ಚೌಕಾಸಿಯೂ ಇಲ್ಲದೆ ಅತ್ತು, ತನ್ನ ಬೆಲೆಯನ್ನು ತಾನೇ ಮೊದಲು ಹೇಳುತ್ತಿದ್ದನಲ್ಲ. ನಾನು "ದುಬೈಗಲ್ಲ" ಎಂದು ಬೈದು ಕಿಟಕಿಯ ಗಾಜು ಎಳೆದುಕೊಳ್ಳುತ್ತಿದ್ದೆ. ಈಗಲೂ, ಇಷ್ಟು ದಿನ, ನಾನು ಮಾಡಿದ್ದು ಅದೇ. ಶಾರದಿ ಮೊದಲು ಅಳಲಿ, ಆಮೇಲೆ ನಾನು ನೋಡುತ್ತೇನೆ ಎಂದು ಎದುರು ಕೂತಿದ್ದೆ, ಗಿರಾಕಿಯ ಮುಂದೆ ಕೂತ ಹಾಗೆ.

ಸೆರಗು ಹುಡುಕಿದೆ, ಕೈತುಂಬ ಹುಣಸೆಹಣ್ಣು. ಮೂಗು ಏರಿಸಿದೆ, ಏರಲಿಲ್ಲ. ಅಜ್ಜಿ ಇಟ್ಟ ಹೆಸರುಗಳೆಲ್ಲ ಒಂದರ ಹಿಂದೆ ಒಂದು ಬಂದವು. ಮೊದಲು ಅಳುಮಾರಿ, ಆಮೇಲೆ ಸುರ್‌ಬುರ್, ಆಮೇಲೆ ರಾಗ. ಇಷ್ಟು ವರ್ಷ ಬಾರದಿದ್ದದ್ದು ಒಮ್ಮೆಲೇ ಬಂದರೆ ಹೇಗಿರುತ್ತದೆ, ಮೊದಲು ಗಾಳಿ ಬುಸ್ ಎನ್ನುತ್ತದೆ, ಆಮೇಲೆ ತುಕ್ಕು ನೀರು, ಆಮೇಲೆ ಧಾರೆ, ಹಾಗಾಯಿತು.

ಶಾರದಿ ನನ್ನನ್ನೇ ನೋಡುತ್ತಿದ್ದಳು. ನಿಧಾನವಾಗಿ ಮುಂದಕ್ಕೆ ಸರಿದಳು. ನನ್ನ ಕೈಯಲ್ಲಿದ್ದ ತಂಬಿಗೆಯನ್ನು, ಹುಣಸೆಹಣ್ಣು ಮೆತ್ತಿಕೊಂಡಿದ್ದ ಹಾಗೆಯೇ, ಬಿಡಿಸಿಕೊಂಡಳು. ಅದನ್ನು ನನ್ನ ಗದ್ದದ ಕೆಳಗೆ ಹಿಡಿದಳು. ಸರದಿಯಲ್ಲಿ ನಿಂತ ಹೆಂಗಸಿನ ಹಾಗೆ.

"ನಳ ಬಂತು" ಎಂದಳು.

ನಾನು ಅಳುತ್ತಲೇ ನಕ್ಕೆ. ಅವಳೂ ನಕ್ಕಳು. "ಲಗೂ ಲಗೂ ಬಿಡು, ಹಿಂದ..." ಎಂದಳು; ಹಿಂದೆ ಯಾರಿದ್ದಾರೆ ಎಂಬುದು ಅವಳ ಬಾಯಿಂದ ಬರಲಿಲ್ಲ. ನಗು ಹಾಗೆಯೇ ಮೇಲೇರುತ್ತಾ ಹೋಗಿ ಎಲ್ಲೋ ಒಂದು ಕಡೆ ಮಗುಚಿಕೊಂಡಿತು. ಕಲಿಯದವಳ ಅಳು ಅದು. ಅಡ್ಡಾದಿಡ್ಡಿ, ಉಸಿರು ಎಲ್ಲಿ ತೆಗೆದುಕೊಳ್ಳಬೇಕೆಂದೂ ಗೊತ್ತಿಲ್ಲದ ಅಳು. "ಅವರಿಗೆ ಚಹಾ ಇಡಬೇಕಿತ್ತಕ್ಕಾ, ಹೂ ಹಾಕಿ ಬಂದಿದ್ರು, ಚಹಾ ಇಡಬೇಕಿತ್ತು" ಎಂದು ಅದೊಂದೇ ಮಾತು ಆಡ್ಯಾಡಿ ಅತ್ತಳು. ತಂಬಿಗೆ ನಮ್ಮಿಬ್ಬರ ನಡುವೆ ಸಿಕ್ಕಿಕೊಂಡಿತ್ತು. ನಾನು ಬುದ್ಧಿ ಹೇಳಲಿಲ್ಲ. ನನಗದು ಎಷ್ಟು ಕಷ್ಟವೆಂದು ನಿಮಗೆ ಇಷ್ಟರಲ್ಲಿ ಗೊತ್ತಾಗಿರಬೇಕು.

ಅದೇ ಹೊತ್ತಿಗೆ ಹೊರಗಿನಿಂದಲೂ ಒಂದು ಕೂಗು ಬಂತು. ಖಾಜಾಬಿಯದು. "ನಳ ಬಂತ್ರೇ!" ಒಳಗಿನಿಂದ ಪೂರ್ಣಿಮಾ ಬಾಗಿಲಿಗೆ ಬಂದಳು. ಅಭ್ಯಾಸದಂತೆ ಮೊದಲು ನಮ್ಮ ಕಣ್ಣು ನೋಡಿದಳು. ಓ ಈ ನಳವೇ ಎಂದುಕೊಂಡು, ಹೆಜ್ಜೆ ಸಪ್ಪಳ ಮಾಡದೆ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು.

ಹೊರಗೆ ಬಹಳ ಹೊತ್ತು ನೀರು ಬಂತಂತೆ. ಓಣಿಯ ಕೊಡಗಳೆಲ್ಲ ತುಂಬಿದವು, ಗ್ಯಾರೇಜಿನ ಡ್ರಮ್ಮೂ ತುಂಬಿತು. ಪಾತ್ರೆ ಅಂಗಡಿಯವಳ ಮನೆಯಲ್ಲಿ ಮಾತ್ರ ಒಂದು ತಂಬಿಗೆ ನೀರೂ ಹಿಡಿದಿರಲಿಲ್ಲ. ಸಂಜೆ ಪೂರ್ಣಿಮಾ ಖಾಲಿ ಹಂಡೆ ಬಗ್ಗಿ ನೋಡಿ, "ಅತ್ತೆ, ಅದು ನಿಜವಾದ ನಲ್ಲೀನಾ!" ಎಂದು ತಲೆ ಚಚ್ಚಿಕೊಂಡಳು. ನಿಮ್ಮ ಮನೆಯಲ್ಲೂ ಇಂಥದೊಂದು ಮಾತು ಇದ್ದರೆ ಬಂದ ಸೊಸೆಗೆ ಎರಡೂ ಅರ್ಥ ಹೇಳಿಕೊಡಿ. ಇದು ನನ್ನ ಖರ್ಚಿನಲ್ಲಿ ಕಲಿತದ್ದು.

ಮರುದಿನ ಬೆಳಿಗ್ಗೆ ನಾನು ಹೇಳುವ ಮೊದಲೇ ಶಾರದಿ ಕೊಡ ತೆಗೆದುಕೊಂಡು ಖಾಜಾಬಿಯ ಮನೆಗೆ ಹೋದಳು. ಕೊಟ್ಟೂರಿಗೆ ಬಂದ ಮೇಲೆ ತಾನಾಗಿ ಹೊಸ್ತಿಲು ದಾಟಿದ್ದು ಅದೇ ಮೊದಲು. ಕಣ್ಣು ಎರಡೂ ಬೋಂಡದ ಹಾಗೆ ಊದಿದ್ದವು. ನಾನು ಅಂಗಡಿಯ ಬಾಗಿಲು ಎತ್ತುತ್ತಾ ಕೇಳಿಸಿಕೊಂಡೆ.

"ಏನ ಶಾರದವ್ವಾ, ನಿನ್ನಿ ಇಡೀ ಓಣಿಗೆ ನೀರು ಬಂತು. ನಿಮ್ಮನಿಗೆ ನಳ ಬಂದಿದ್ದಿಲ್ಲೇನು?" ಎಂದಳು ಖಾಜಾಬಿ.

"ಬಂದಿತ್ತು ಖಾಜಾಬಿ" ಎಂದಳು ನನ್ನ ತಂಗಿ. "ಬಾಳ ದಿನದ್ ಮ್ಯಾಲ ಬಂತು. ಹಿಡ್ಯಾಕ ಪಾತ್ರಿ ಸಾಲಲಿಲ್ಲ ನೋಡು."